ಅಕ್ವೇರಿಯಂ ಗಿಡಗಳಿಗೆ ಎಷ್ಟು ಕೆಲ್ವಿನ್ ಬೆಳಕು ಬೇಕು? ಲೈಟ್ ಕೊಳ್ಳುವ ಮುನ್ನ ಇದನ್ನು ಓದಿ

ಇಂದಾಪುರ: ಅಕ್ವೇರಿಯಂನಲ್ಲಿ ನೆಟ್ಟ ಗಿಡ ತಿಂಗಳೊಳಗೆ ಹಳದಿಯಾಗಿ ಕೊಳೆತರೆ ಮೊದಲು ಅನುಮಾನ ಬರುವುದು ಲೈಟ್ ಮೇಲೆ. ಅಂಗಡಿಯಲ್ಲಿ ಕೇಳಿದರೆ ಸಿಗುವ ಉತ್ತರ ಸಾಮಾನ್ಯವಾಗಿ ಒಂದೇ: '6500 ಕೆಲ್ವಿನ್ ಹಾಕಿ'. ಸಲಹೆ ತಪ್ಪಲ್ಲ, ಆದರೆ ಅರ್ಧ ಮಾತ್ರ ಸರಿ. ಆ ಸಂಖ್ಯೆಯನ್ನೇ ನಂಬಿ ದುಬಾರಿ ಲೈಟ್ ಕೊಂಡವರ ಗಿಡಗಳೂ ಸಾಯುತ್ತವೆ.

ಕೆಲ್ವಿನ್ ಎಂದರೇನು?

ಬೆಳಕು ನಮ್ಮ ಕಣ್ಣಿಗೆ ಯಾವ ಬಣ್ಣದಲ್ಲಿ ಕಾಣುತ್ತದೆ ಎಂಬುದರ ಅಳತೆ ಇದು. 2700 ಕೆಲ್ವಿನ್ ಹಳೆಯ ಬಲ್ಬಿನಂತೆ ಹಳದಿ, 6500 ಹಗಲಿನ ಬೆಳಕಿನಂತೆ ಬಿಳಿ, 10000 ದಾಟಿದರೆ ನೀಲಿ ಛಾಯೆ. ಗಿಡಕ್ಕೆ ಈ ಲೆಕ್ಕ ಗೊತ್ತಿಲ್ಲ. ಅದರ ಕ್ಲೋರೋಫಿಲ್ ಮುಖ್ಯವಾಗಿ 430-450 ನ್ಯಾನೋಮೀಟರ್ ಆಸುಪಾಸಿನ ನೀಲಿ ಹಾಗೂ 640-660ರ ಕೆಂಪು ಬೆಳಕನ್ನು ಹೀರುತ್ತದೆ. ಹಸಿರು ಬೆಳಕು ಪೂರ್ತಿ ವ್ಯರ್ಥ ಎಂಬ ಮಾತೂ ನಿಜವಲ್ಲ. 1972ರಲ್ಲಿ ಮೆಕ್‌ಕ್ರೀ ಪ್ರಕಟಿಸಿದ ಅಧ್ಯಯನದಲ್ಲಿ ಬೆಳೆಗಳ ಎಲೆಗಳು ಅದನ್ನೂ ದ್ಯುತಿಸಂಶ್ಲೇಷಣೆಗೆ ಬಳಸುವುದು ಕಂಡುಬಂದಿತ್ತು.

ಒಂದೇ 6500 ಕೆಲ್ವಿನ್ ಎಂದು ಬರೆದ ಎರಡು ಎಲ್‌ಇಡಿಗಳಲ್ಲಿ ಕೆಂಪಿನ ಪ್ರಮಾಣ ಬೇರೆ ಬೇರೆ ಇರಬಹುದು. ಬಿಳಿ ಎಲ್‌ಇಡಿ ಎಂದರೆ ಬಹುತೇಕ ನೀಲಿ ಎಲ್‌ಇಡಿಯ ಮೇಲೆ ಫಾಸ್ಫರ್ ಲೇಪನ. ಕೆಂಪು ಎಷ್ಟು ಸಿಗುತ್ತದೆ ಎಂಬುದನ್ನು ನಿರ್ಧರಿಸುವುದು ಆ ಲೇಪನ.

ಗಿಡದ ಮೇಲೆ ಏನು ಪರಿಣಾಮ?

ನೀಲಿ ಸಾಕಷ್ಟಿದ್ದರೆ ಗಿಡ ಗಿಡ್ಡವಾಗಿ, ದಟ್ಟವಾಗಿ ಬೆಳೆಯುತ್ತದೆ. ನೀಲಿ ಕಡಿಮೆಯಾದರೆ ಕಾಂಡ ಉದ್ದಕ್ಕೆ ಎಳೆಯಬಹುದು. ಆದರೂ 5000ರಿಂದ 7000 ಕೆಲ್ವಿನ್ ನಡುವೆ ಯಾವುದನ್ನು ಆರಿಸಿದರೂ ಬೆಳವಣಿಗೆಯಲ್ಲಿ ದೊಡ್ಡ ವ್ಯತ್ಯಾಸ ಕಾಣುವುದು ಅಪರೂಪ. ನಿಜವಾದ ವ್ಯತ್ಯಾಸ ಬರುವುದು ತೀವ್ರತೆಯಿಂದ, ಅಂದರೆ 400-700 ನ್ಯಾನೋಮೀಟರ್ ವ್ಯಾಪ್ತಿಯ ಬೆಳಕು ಎಲೆಯನ್ನು ಎಷ್ಟು ತಲುಪುತ್ತದೆ ಎಂಬುದರಿಂದ. ಇದಕ್ಕೆ 'ಪಾರ್' ಎನ್ನುತ್ತಾರೆ. ಜಾವಾ ಫರ್ನ್, ಅನುಬಿಯಾಸ್‌ಗೆ ಕಡಿಮೆ ಬೆಳಕು ಸಾಕು. ಕೆಂಪು ಎಲೆಯ ರೊಟಾಲಾ ಮ್ಯಾಕ್ರಾಂಡ್ರಾಗೆ ಹೆಚ್ಚು ಬೆಳಕು, ಜೊತೆಗೆ ಕಾರ್ಬನ್ ಡೈಆಕ್ಸೈಡ್ ಬೇಕು. ಅಂದಹಾಗೆ ಈ ರೊಟಾಲಾ ಭಾರತದ್ದೇ ಗಿಡ.

ಉಜನಿ ಹಿನ್ನೀರಿನ ಉದಾಹರಣೆ

ಭೀಮಾ ನದಿಗೆ ಕಟ್ಟಿದ ಉಜನಿ ಜಲಾಶಯದ ಹಿನ್ನೀರು ಇಂದಾಪುರ ತಾಲೂಕಿನ ಭಿಗವಣದವರೆಗೂ ಚಾಚಿದೆ. ಇದೇ ನದಿ ಮುಂದೆ ವಿಜಯಪುರ, ಕಲಬುರಗಿ ಜಿಲ್ಲೆಗಳಿಗೆ ಬರುತ್ತದೆ. ಪುಣೆಯ ಕೊಳಚೆ ಮುಳಾ-ಮುಠಾ ಮೂಲಕ ಸೇರುವುದರಿಂದ ಹಿನ್ನೀರಿನಲ್ಲಿ ಪಾಚಿ ಹೆಚ್ಚುತ್ತದೆ. ಶುದ್ಧ ನೀರು ಕೆಂಪು ಬೆಳಕನ್ನು ಮೊದಲು ಹೀರಿದರೆ, ಪಾಚಿ-ಕೆಸರಿನ ನೀರಿನಲ್ಲಿ ನೀಲಿಯೇ ಬೇಗ ಮಾಯವಾಗುತ್ತದೆ. ಸೂರ್ಯನ ಬೆಳಕೇ ಬಿದ್ದರೂ ತಳದ ಗಿಡಕ್ಕೆ ಸಿಗುವ ಬಣ್ಣವೇ ಬೇರೆ. ಒಂದೂವರೆ ಅಡಿ ಆಳದ ಸ್ವಚ್ಛ ಟ್ಯಾಂಕಿನಲ್ಲಿ ಮಾತ್ರ ಈ ನಷ್ಟ ಅಲ್ಪ.

ಹೀಗೆ ಮಾಡಿ

ಹೊಸ ಟ್ಯಾಂಕಿಗೆ ದಿನಕ್ಕೆ 6ರಿಂದ 8 ಗಂಟೆ ಬೆಳಕು ಸಾಕು, ಟೈಮರ್ ಇದ್ದರೆ ಒಳ್ಳೆಯದು. ಗಾಜಿನ ಮೇಲೆ ಪಾಚಿ ಕಟ್ಟಿದರೆ ಬಲ್ಬ್ ಬದಲಿಸುವ ಮೊದಲು ಅವಧಿ ಕಡಿಮೆ ಮಾಡಿ. ಕೊಳ್ಳುವಾಗ ಕೆಲ್ವಿನ್ ಜೊತೆ ಪಾರ್ ಮೌಲ್ಯವನ್ನೂ ಕೇಳಿ.

ಕತ್ತರಿಸಿದ ಗಿಡಗಳನ್ನು ಕೆರೆ, ನದಿಗೆ ಎಸೆಯಬೇಡಿ, ಒಣಗಿಸಿ ಗೊಬ್ಬರಕ್ಕೆ ಹಾಕಿ. ಅತಿ ಕಡಿಮೆ ಬೆಳಕಿನಲ್ಲೂ ಬದುಕುವ ಹೈಡ್ರಿಲ್ಲಾ 1950ರ ದಶಕದಲ್ಲಿ ಅಕ್ವೇರಿಯಂ ವ್ಯಾಪಾರದ ಮೂಲಕ ಅಮೆರಿಕದ ಫ್ಲೋರಿಡಾ ಸೇರಿ, ಅಲ್ಲಿನ ಕಾಲುವೆ, ಸರೋವರಗಳಲ್ಲಿ ಇಂದಿಗೂ ತಲೆನೋವಾಗಿ ಉಳಿದಿದೆ.