ಗೆಲುವೋ, ಬರೀ ಸಮವೋ?

ಚದುರಂಗ ಕಲಿಸುವವರು ಮೊದಲ ದಿನವೇ ಕಾಯಿಗಳ ಬೆಲೆ ಹೇಳಿಕೊಡುತ್ತಾರೆ. ಪದಾತಿಗೆ 1, ಕುದುರೆಗೂ ಒಂಟೆಗೂ 3, ಆನೆಗೆ 5, ಮಂತ್ರಿಗೆ 9. ಕಂಪ್ಯೂಟರಿಗೂ ಮೊದಮೊದಲು ಕಲಿಸಿದ್ದು ಇದೇ ಮಗ್ಗಿಯನ್ನು. ಮಣೆಯ ತುಂಬ ಕಾಯಿಗಳಿರುವಾಗ ಇದು ನಡೆಯುತ್ತದೆ, ಮಣೆ ಬರಿದಾದ ಮೇಲೆ ಕೈಕೊಡುತ್ತದೆ. ನಮ್ಮಲ್ಲಿ ಒಂದು ಒಂಟೆ, ಅಂಚಿನ ಸಾಲಿನಲ್ಲಿ ಒಂದು ಪದಾತಿ ಉಳಿದಿವೆ, ಎದುರಾಳಿಗೆ ರಾಜನೊಬ್ಬನೇ ಅನ್ನಿ. ಲೆಕ್ಕಕ್ಕೆ ನಾವು 4 ಮುಂದೆ. ಆದರೆ ಪದಾತಿ ಹೋಗಿ ಮಂತ್ರಿಯಾಗಬೇಕಾದ ಮೂಲೆಮನೆ ಒಂಟೆ ಓಡಾಡುವ ಬಣ್ಣದ್ದಲ್ಲವಾದರೆ, ಆ ರಾಜ ಮೂಲೆ ಹಿಡಿದು ಕೂತರೆ ಸಾಕು. ಬ್ರಹ್ಮ ಬಂದರೂ ಗೆಲ್ಲಿಸಲಾರ. ಡಬ್ಬಿ ತುಂಬ ಅಕ್ಕಿಯಿದ್ದೂ ಗ್ಯಾಸು ಮುಗಿದ ಮನೆಯ ಹಾಗೆ!

ಬೆಲೆಯ ಗೊಡವೆಯೇ ಇಲ್ಲದೆ, ಕೊನೆಯಾಟವನ್ನು ಹಿಂದಿನಿಂದ ಲೆಕ್ಕ ಹಾಕಿಸಿದವರಲ್ಲಿ ಹೆಸರಾದವರು ಅಮೆರಿಕದ ಬೆಲ್ ಪ್ರಯೋಗಾಲಯದ ಕೆನ್ ಥಾಂಪ್ಸನ್. ಮಕ್ಕಳ ಪುಸ್ತಕದಲ್ಲಿ ‘ಮೊಲಕ್ಕೆ ದಾರಿ ತೋರಿಸಿ’ ಎಂದಿರುತ್ತದಲ್ಲ, ಜಾಣ ಮಕ್ಕಳು ಗಜ್ಜರಿಯ ಮೇಲೆ ಪೆನ್ಸಿಲ್ ಇಟ್ಟು ಹಿಂದಕ್ಕೆ ಬರುತ್ತಾರೆ. ಇದೂ ಹಾಗೆಯೇ. ರಾಜ ಸಿಕ್ಕಿಬಿದ್ದ ಸ್ಥಿತಿಗಳನ್ನೆಲ್ಲ ಮೊದಲು ಬರೆದುಕೊಂಡು, ಅವಕ್ಕೆ ಒಂದು ನಡೆ ಹಿಂದಿನವು, ಎರಡು ನಡೆ ಹಿಂದಿನವು ಎಂದು ಯಂತ್ರ ಗುರುತು ಹಾಕುತ್ತ ಹೋಗುತ್ತದೆ. ಕೊನೆಗೂ ಗುರುತು ಬೀಳದೆ ಉಳಿದದ್ದು ಡ್ರಾ.

1970ರ ದಶಕದ ಕೊನೆಯ ಹೊತ್ತಿಗೆ ವಾಲ್ಟರ್ ಬ್ರೌನ್ ಈ ಯಂತ್ರದ ಎದುರು ಕೂತರು. ಅಮೆರಿಕದ ಚಾಂಪಿಯನ್ ಪಟ್ಟವನ್ನು ಆರು ಸಲ ಗೆದ್ದ ಆಟಗಾರ. ಅವರಿಗೆ ಮಂತ್ರಿ, ಯಂತ್ರಕ್ಕೆ ಆನೆ. ಗೆಲುವು ಖಂಡಿತವೆಂದು ಪುಸ್ತಕಗಳು ಹೇಳುತ್ತಿದ್ದ ಕೊನೆಯಾಟ ಅದು; ಬ್ರೌನ್ ಪಣವನ್ನೂ ಕಟ್ಟಿದರು. ಆನೆ ರಾಜನ ಮಗ್ಗುಲು ಬಿಡಬಾರದೆಂಬುದು ಪುಸ್ತಕದ ಪಾಠ. ಯಂತ್ರವೋ ಆನೆಯನ್ನು ದೂರ ಅಟ್ಟಿಬಿಟ್ಟಿತು! ಯಾವ ಕಾಯಿಯನ್ನೂ ಹೊಡೆಯದೆ, ಪದಾತಿಯನ್ನೂ ನಡೆಸದೆ 50 ನಡೆ ಕಳೆದರೆ ಆಟ ಡ್ರಾ ಎಂಬುದು ನಿಯಮ. 50 ಕಳೆದವು, ಆನೆ ಸಿಗಲಿಲ್ಲ. ಬ್ರೌನ್ ಮನೆಗೆ ಹೋಗಿ ಪಟ್ಟು ಹಿಡಿದು ಅಭ್ಯಾಸ ಮಾಡಿ ಮತ್ತೆ ಬಂದರು. ಸರಿಯಾಗಿ 50ನೇ ನಡೆಗೆ ಆನೆಯನ್ನು ಹಿಡಿದರು. ಯಂತ್ರಕ್ಕಿಂತ ನನಗೆ ಈ ಹಟವೇ ಹೆಚ್ಚು ಮೆಚ್ಚುಗೆ.

1983ರಲ್ಲಿ ಥಾಂಪ್ಸನ್ನರ ಲೆಕ್ಕ ಇನ್ನೊಂದು ಹಳೆಯ ನಂಬಿಕೆಯನ್ನೂ ಕೆಡವಿತು. ಎರಡು ಒಂಟೆಗಳ ಎದುರು ಒಂದೇ ಕುದುರೆ ತಡೆದು ನಿಲ್ಲಬಲ್ಲದು, ಅದು ಡ್ರಾ ಎಂದು ಕ್ಲಿಂಗ್ ಮತ್ತು ಹಾರ್ವಿಟ್ಜ್ 1851ರಲ್ಲಿ ಬರೆದಿಟ್ಟಿದ್ದರು. ನೂರಮೂವತ್ತು ವರ್ಷ ಎಲ್ಲರೂ ಅದನ್ನೇ ನಂಬಿ ಕೈಕುಲುಕಿ ಎದ್ದರು. ಸಾಮಾನ್ಯವಾಗಿ ಒಂಟೆಗಳೇ ಗೆಲ್ಲುತ್ತವೆ ಎಂದಿತು ಯಂತ್ರ, ಆದರೆ ಕುದುರೆಯನ್ನು ಹಿಡಿಯಲು 66 ನಡೆಗಳವರೆಗೂ ಬೇಕಾದೀತು. ವಿಶ್ವ ಸಂಸ್ಥೆ ಫಿಡೆ ಇಂಥ ಕೆಲವು ಕೊನೆಯಾಟಗಳಿಗೆ ಸ್ವಲ್ಪ ಕಾಲ ಹೆಚ್ಚು ನಡೆಗಳನ್ನು ಕೊಟ್ಟು ನೋಡಿತು. 1992ರಲ್ಲಿ ಎಲ್ಲಕ್ಕೂ ಮತ್ತೆ 50 ಎಂದೇ ಮಾಡಿತು. ಹೀಗಾಗಿ ಯಂತ್ರದ ಪಟ್ಟಿಯಲ್ಲಿ 66 ನಡೆಯ ಗೆಲುವು ಎಂದು ಬರೆದಿರುವುದನ್ನು ಮಣೆಯ ಮುಂದೆ ಕೂತವರು ಇವತ್ತಿಗೂ ಡ್ರಾ ಎಂದು ಬರೆದು ಸಹಿ ಹಾಕಬೇಕಾಗಬಹುದು.