ಗುಂಗುರುಗೂದಲ ಚರಿತ್ರೆ

ಭಾನುವಾರದ ಎಣ್ಣೆನೀರು ಮುಗಿದ ಮೇಲೆ ಮನೆಯಲ್ಲಿ ನಡೆಯುವ ಒಂದು ಸಣ್ಣ ಜಗಳವನ್ನು ನೀವೆಲ್ಲ ಬಲ್ಲಿರಿ. ತಾಯಿಯ ಕೈಯಲ್ಲಿ ಬಾಚಣಿಗೆ, ಮಗಳ ಕಣ್ಣಲ್ಲಿ ನೀರು. ಕೂದಲು ಗುಂಗುರಾಗಿದ್ದರಂತೂ ಜಗಳ ಬೇಗ ಮುಗಿಯುವಂಥದಲ್ಲ. “ಇದೇನೆ, ಕಾಡಿನವರ ತಲೆಯ ಹಾಗೆ!” ಎಂದು ಅಜ್ಜಿ ಅಂದುಬಿಡುವುದೂ ಉಂಟು. ಅಜ್ಜಿ ತಮಾಷೆಗೆ ಆಡಿದ ಮಾತು, ನಿಜ. ಆದರೆ ಅದರ ಹಿಂದೆ ಇನ್ನೂರು ವರ್ಷಗಳ ಚರಿತ್ರೆಯಿದೆ.

1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮರುವರ್ಷ ಕಂಪನಿ ಸರಕಾರದ ವೈದ್ಯ ಫ್ರಾನ್ಸಿಸ್ ಬುಕನನ್ ಮೈಸೂರು ಸೀಮೆಯನ್ನು ಸುತ್ತಲು ಹೊರಟ. ಪಿರಿಯಾಪಟ್ಟಣ, ಹೆಗ್ಗಡದೇವನಕೋಟೆಗಳನ್ನೂ ಕಂಡ. ಅವನ ಪ್ರವಾಸ ಗ್ರಂಥ 1807ರಲ್ಲಿ ಲಂಡನ್ನಿನಲ್ಲಿ ಮೂರು ಸಂಪುಟಗಳಾಗಿ ಅಚ್ಚಾಯಿತು. ಬೆಳೆ, ನೆಲ, ಕಂದಾಯಗಳನ್ನು ಅಷ್ಟು ಎಚ್ಚರದಿಂದ ಬರೆದಿಟ್ಟ ಆತ, ಕಾಡುಕುರುಬರ ವಿಷಯ ಬಂದಾಗ ಅವರ ತಗ್ಗು ಗುಡಿಸಲು, ಚಿಂದಿ ಬಟ್ಟೆಗಳ ಜೊತೆಗೆ ಕೆದರಿ ಸಿಕ್ಕುಗಟ್ಟಿದ ಹೇನುದಲೆಯನ್ನೂ ಸೇರಿಸಿದ. ಒಂದು ಶತಮಾನ ಕಳೆದು 1909ರಲ್ಲಿ ಎಡ್ಗರ್ ಥರ್ಸ್ಟನ್ ತನ್ನ ಏಳು ಸಂಪುಟಗಳಲ್ಲಿ ಅದೇ ಮಾತನ್ನು ಎತ್ತಿ ಹಾಕಿದ. ತಲೆಗೆ ಎಣ್ಣೆಯಿಲ್ಲದ್ದು ಬಡತನದ ಗುರುತು. ಅದನ್ನು ಕುಲದ ಗುರುತೆಂದು ಓದುವ ಚಾಳಿ ಹೀಗೆ ಬೆಳೆಯಿತು.

ಮುಂದೆ ಕೂದಲು ವಂಶದ ಸಾಕ್ಷಿಯೂ ಆಯಿತು. 1920ರ ದಶಕದ ಕೊನೆಯಲ್ಲಿ ಬಿ. ಎಸ್. ಗುಹಾ ಅವರು ಕೊಚ್ಚಿ ಸೀಮೆಯ ಬೆಟ್ಟಗಳ ಕಾಡರ್ ಜನರಲ್ಲಿ ಕೆಲವರ ಸುರುಳಿಗೂದಲನ್ನು ನೋಡಿ, ಭಾರತದಲ್ಲಿ ‘ನೀಗ್ರಿಟೋ’ ಅಂಶವಿದೆಯೆಂದು ವಾದಿಸಿದರು. ಆದರೆ ಕೂದಲೊಂದನ್ನೇ ನಂಬಿ ವಂಶ ಹೇಳಲಾಗದು. ಪಾಪುವಾ ದ್ವೀಪದ ಜನರ ಕೂದಲು ಆಫ್ರಿಕದವರದರಂತೆಯೇ ಸುರುಳಿ. ಅವರ ರಕ್ತಸಂಬಂಧವಾದರೋ ಏಷ್ಯದವರಿಗೆ ಹತ್ತಿರ.

ನಿಜವಾಗಿ ಆಫ್ರಿಕದಿಂದ ಬಂದವರೂ ನಮ್ಮ ನಾಡಿನಲ್ಲಿದ್ದಾರೆ. ಅವರು ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳ, ಅಂಕೋಲೆಗಳ ಸಿದ್ದಿಗಳು. ಪೋರ್ಚುಗೀಸರು ಗೋವೆಗೆ ಗುಲಾಮರಾಗಿ ತಂದವರಲ್ಲಿ ಹಲವರು ತಪ್ಪಿಸಿಕೊಂಡು ಘಟ್ಟದ ಕಾಡು ಸೇರಿದರು. ಅವರ ಆಫ್ರಿಕನ್ ಮೂಲವನ್ನು 2011ರ ವಂಶವಾಹಿ ಸಂಶೋಧನೆಗಳು ದೃಢಪಡಿಸಿದವು. 2003ರಲ್ಲಿ ಅವರನ್ನು ಪರಿಶಿಷ್ಟ ಪಂಗಡಕ್ಕೆ ಸೇರಿಸಲಾಯಿತು. ಕನ್ನಡವನ್ನೂ ಕೊಂಕಣಿಯನ್ನೂ ಆಡುವ ಈ ಜನರನ್ನು ಕೂದಲು ನೋಡಿ “ಯಾವ ದೇಶದವರು?” ಎಂದು ಕೇಳುವವರು ಈಗಲೂ ಇದ್ದಾರೆ. ಅಮೆರಿಕದಲ್ಲಿಯೂ ಕಪ್ಪು ಜನರು ಹುಟ್ಟುಗೂದಲಿನಿಂದಾಗಿಯೇ ಶಾಲೆ, ನೌಕರಿಗಳಲ್ಲಿ ಅವಮಾನ ಪಟ್ಟಿದ್ದುಂಟು. ಅದನ್ನು ತಡೆಯಲು ಕ್ಯಾಲಿಫೋರ್ನಿಯ 2019ರಲ್ಲಿ ಕಾಯಿದೆಯನ್ನೇ ಮಾಡಿತು.

ಹಾಗಾದರೆ ಗುಂಗುರು ಎಂದರೇನು? ಕೂದಲು ಹುಟ್ಟುವ ಗುಳಿ ಬಾಗಿದ್ದರೆ ಕೂದಲು ಸುರುಳಿಯಾಗಿ ಬರುತ್ತದೆ. ಇದರಲ್ಲಿ ರೋಗವೂ ಇಲ್ಲ, ಕೊಳಕೂ ಇಲ್ಲ. ಬಿಗಿ ಸುರುಳಿಯ ಕೂದಲು ಬಿಸಿಲಿನ ತಾಪ ನೆತ್ತಿಗೆ ತಲಪದಂತೆ ಹೆಚ್ಚು ಚೆನ್ನಾಗಿ ತಡೆಯುತ್ತದೆಂದು, ಬಿಸಿ ಮಾಡಿದ ಬೊಂಬೆಗೆ ಟೋಪನ್ನು ತೊಡಿಸಿ ನಡೆಸಿದ ಪ್ರಯೋಗವೊಂದು 2023ರಲ್ಲಿ ತೋರಿಸಿತು.

ಆದರೆ ಅದರ ಆರೈಕೆ ಬೇರೆ. ನೆತ್ತಿಯಲ್ಲಿ ಒಸರುವ ಜಿಡ್ಡು ಸುರುಳಿಗಳನ್ನು ಸುತ್ತಿ ತುದಿಗೆ ಇಳಿಯದು; ಆದ್ದರಿಂದ ತುದಿ ಒಣಗುತ್ತದೆ, ತಿರುವಿನಲ್ಲಿ ಮುರಿಯುತ್ತದೆ. ಒಣಗೂದಲನ್ನು ಬುಡದಿಂದ ಎಳೆದು ಬಾಚಬೇಡಿ. ಒದ್ದೆಯಿರುವಾಗ ಸ್ವಲ್ಪ ಕೊಬ್ಬರಿ ಎಣ್ಣೆಯನ್ನೋ ದಾಸವಾಳದ ಎಲೆಯ ಲೋಳೆಯನ್ನೋ ಸವರಿ, ತುದಿಯಿಂದ ಮೇಲಕ್ಕೆ ಬೆರಳಲ್ಲಿ ಸಿಕ್ಕು ಬಿಡಿಸಿ, ಬಳಿಕ ಅಗಲ ಹಲ್ಲಿನ ಬಾಚಣಿಗೆ ಹಿಡಿಯಿರಿ. ಕೊಬ್ಬರಿ ಎಣ್ಣೆ ಕೂದಲಿನ ಒಳಗಿಳಿದು ಸವೆತವನ್ನು ತಗ್ಗಿಸುತ್ತದೆ. ಸೀಗೆಪುಡಿಯ ಸ್ನಾನ ವಾರಕ್ಕೊಂದು ಸಾಕು. ಜಡೆ ಸಡಿಲವಿರಲಿ, ದಿನವೂ ಬಿಗಿದು ಹೆಣೆದರೆ ಹಣೆಯಂಚಿನ ಕೂದಲು ಉದುರುತ್ತದೆ.

ಸೀಗೆಯ ಮಾತು ಬಂದಿತಲ್ಲ, ಕೊನೆಗೆ ಒಂದು ವಿಷಯ. ಹುಣಸೂರು, ಪಿರಿಯಾಪಟ್ಟಣ, ಹೆಗ್ಗಡದೇವನಕೋಟೆಗಳ ಕಾಡಂಚಿನ ಹಾಡಿಗಳಲ್ಲಿ ಇರುವ ಜೇನುಕುರುಬರಿಗೆ ಜೇನು, ನೆಲ್ಲಿ, ಅಂಟುವಾಳಗಳ ಜೊತೆಗೆ ಸೀಗೆಕಾಯಿಯೂ ಕಾಡಿನ ಫಸಲು. ಗಿರಿಜನರ ಲ್ಯಾಂಪ್ಸ್ ಸಹಕಾರ ಸಂಘಗಳ ಮೂಲಕ ಅದು ಪೇಟೆಗೆ ಬಂತು. 1972ರ ವನ್ಯಜೀವಿ ಕಾಯಿದೆಯ ಅನಂತರ ಕಾಡಿನೊಳಗಿನ ಸಂಗ್ರಹಕ್ಕೆ ಕಡಿವಾಣ ಬಿದ್ದಿತು. ಕೃಷ್ಣರಾಜನಗರದ ಬಯಲಿನ ಮನೆಯಲ್ಲಾಗಲಿ, ಮೈಸೂರಿನ ಬಚ್ಚಲಲ್ಲಾಗಲಿ, ನಮ್ಮ ತಲೆಗಳನ್ನು ಹೊಳೆಯುವಂತೆ ಮಾಡಿದ ಸೀಗೆಯಲ್ಲಿ ಅವರ ಕೈಯ ಶ್ರಮವೂ ಸೇರಿದೆ. ಸೀಗೆ ಆಯ್ದು ಕೊಟ್ಟವರ ತಲೆಯನ್ನೇ ನಾವು ಬೈಗುಳ ಮಾಡಿಕೊಂಡೆವು!

ಮುಂದಿನ ಭಾನುವಾರ ಬಾಚಣಿಗೆ ಕೈಗೆತ್ತಿಕೊಂಡಾಗ ಇಷ್ಟು ನೆನೆಯಿರಿ: ಬಿಡಿಸಬೇಕಾದ ಸಿಕ್ಕು ಮಗುವಿನ ತಲೆಯಲ್ಲಿ ಮಾತ್ರ ಇಲ್ಲ, ನಮ್ಮ ಮಾತಿನಲ್ಲಿಯೂ ಇದೆ.