ಹದಿಮೂರನೇ ಚಾನೆಲ್: ಡೊಂಬಿವಲಿಯ ಒಂದು ಲ್ಯಾಪ್‌ಟಾಪ್, ಲಿನಕ್ಸ್ ಮತ್ತು ವೈಫೈ ಕಾನೂನಿನ ಕತೆ

ವಿಡಿಯೋ ನೋಡೋಕೆ ಪುರುಸೊತ್ತಿಲ್ಲ, ಲೋಕಲ್‌ನಲ್ಲಿ ನಿಂತ್ಕೊಂಡೇ ಓದ್ತೀವಿ ಅನ್ನೋರಿಗಾಗಿ, ಎಂದಿನಂತೆ ಮಾತಿನ ಬರಹ ರೂಪ ಇಲ್ಲಿದೆ. ಇವತ್ತಿನ ವಿಷಯ ಲಿನಕ್ಸ್‌ನಲ್ಲಿ ವೈಫೈ. "ಇದರಲ್ಲಿ ಇತಿಹಾಸ ಏನಪ್ಪಾ ಇದೆ?" ಅಂತ ಕೇಳಬಹುದು. ನಾನೂ ಹಾಗೇ ಅಂದುಕೊಂಡಿದ್ದೆ. ಅದಕ್ಕೆ ದಂಡ ಕಟ್ಟಿದವರು ಮಾತ್ರ ನಮ್ಮ ಪಕ್ಕದ ಮನೆಯವರು.

2020ರ ಜೂನ್. ಡೊಂಬಿವಲಿ ಪೂರ್ವದಲ್ಲಿ ನಮ್ಮ ಬಿಲ್ಡಿಂಗ್. ಐರೋಲಿಯ ಆಫೀಸು ಮನೆಯ ಊಟದ ಮೇಜಿಗೆ ಬಂದಿತ್ತು. ಲೋಕಲ್ ರೈಲು ಅಗತ್ಯ ಸೇವೆಯವರಿಗೆ ಮಾತ್ರ. ಪಕ್ಕದ ಮನೆಯವರು ಉಡುಪಿ ಕಡೆಯವರು, ಕ್ಯಾಂಟೀನ್ ನಡೆಸುತ್ತಿದ್ದರು. ಅದು ಮಾರ್ಚ್‌ನಿಂದ ಬಂದ್. ಮಗ ಹತ್ತನೇ ಕ್ಲಾಸು. ಅವನ ಹಳೇ ಲ್ಯಾಪ್‌ಟಾಪಿಗೆ ಒಂದು ವರ್ಷದ ಹಿಂದೆ ಉಬುಂಟು ಹಾಕಿಕೊಟ್ಟವನು ನಾನೇ.

ಒಂದು ಬೆಳಿಗ್ಗೆ ಹುಡುಗ ಬಂದು, "ಅಣ್ಣಾ, ಮೊಬೈಲಿಗೆ ವೈಫೈ ಕಾಣ್ತದೆ, ಲ್ಯಾಪ್‌ಟಾಪಿಗೆ ಕಾಣುದಿಲ್ಲ. ನಿನ್ನೆವರೆಗೆ ಸರಿ ಇತ್ತು" ಅಂದ. ನೋಡಿದೆ. ಅಕ್ಕಪಕ್ಕದವರ ಹತ್ತು ನೆಟ್‌ವರ್ಕ್ ಕಾಣುತ್ತವೆ, ಇವರದ್ದು ಮಾತ್ರ ಇಲ್ಲ. ರೀಸ್ಟಾರ್ಟ್ ಮಾಡಿದೆ, ಡ್ರೈವರ್ ಮತ್ತೆ ಹಾಕಿದೆ. ಆಮೇಲೆ ಎಂಟೆಕ್ ಮಾಡಿದವನ ಗತ್ತಿನಲ್ಲಿ, "ಕಾರ್ಡ್ ಹೋಗಿದೆ, ಯುಎಸ್‌ಬಿ ಅಡಾಪ್ಟರ್ ತರಿಸಿ" ಅಂದುಬಿಟ್ಟೆ. ಅವನ ಅಪ್ಪ ಒಂದು ಕ್ಷಣ ಸುಮ್ಮನಿದ್ದು, "ಆಯ್ತು ಮಾರಾಯ್ರೆ, ನೀವು ಹೇಳಿದ ಮೇಲೆ" ಅಂದರು. ಆರುನೂರು ರೂಪಾಯಿ. ಅದು ಬರುವವರೆಗೆ ಒಂದು ವಾರ ಹುಡುಗ ಅಪ್ಪನ ಒಡೆದ ಸ್ಕ್ರೀನಿನ ಫೋನಿನಲ್ಲಿ ಗಣಿತ ಕಲಿತ.

ಅಡಾಪ್ಟರ್ ಬಂತು, ಹಾಕಿದೆವು. ಅದಕ್ಕೂ ಆ ನೆಟ್‌ವರ್ಕ್ ಕಾಣಲಿಲ್ಲ!

ಎರಡು ಬೇರೆ ಬೇರೆ ಕಾರ್ಡು, ಒಂದೇ ತೊಂದರೆ. ಅಂದಮೇಲೆ ಕಾರ್ಡಿನದ್ದಲ್ಲ ತಪ್ಪು. ಇಲ್ಲಿಂದ ಇತಿಹಾಸ ಶುರು.

ನಮ್ಮ ದೇಶದಲ್ಲಿ 1933ರ ವೈರ್‌ಲೆಸ್ ಟೆಲಿಗ್ರಫಿ ಕಾಯ್ದೆಯ ಪ್ರಕಾರ, ಲೈಸೆನ್ಸ್ ಇಲ್ಲದೆ ನಿಸ್ತಂತು ಉಪಕರಣ ಇಟ್ಟುಕೊಳ್ಳುವುದೇ ಅಪರಾಧವಾಗಿತ್ತು. ಬ್ರಿಟಿಷರ ಕಾಲದ ಕಾನೂನು. ಅಮೆರಿಕ 1985ರಲ್ಲಿ 2.4 ಗಿಗಾಹರ್ಟ್ಸ್ ಪಟ್ಟಿಯನ್ನು, ಅಂದರೆ ಮೈಕ್ರೋವೇವ್ ಒಲೆಗಳು ಗದ್ದಲ ಮಾಡುವ ಜಾಗವನ್ನು, ಲೈಸೆನ್ಸ್ ಇಲ್ಲದ ಸಂವಹನಕ್ಕೆ ಬಿಟ್ಟುಕೊಟ್ಟಿತು. ಅದರ ಮೇಲೆ 1997ರಲ್ಲಿ 802.11 ಮಾನದಂಡ ಬಂತು. ನಾವು ವೈಫೈ ಅನ್ನುವುದು ಅದನ್ನೇ. ಭಾರತದಲ್ಲಿ 2005ರ ಜನವರಿ 28ರ ಅಧಿಸೂಚನೆ 2.4ರಿಂದ 2.4835 ಗಿಗಾಹರ್ಟ್ಸ್‌ವರೆಗಿನ ಕಡಿಮೆ ಶಕ್ತಿಯ ಉಪಕರಣಗಳಿಗೆ ಲೈಸೆನ್ಸ್ ಬೇಡ ಅಂದಿತು. ನಮ್ಮ ಮನೆಮನೆಯ ರೂಟರ್‌ಗೆ ದಾರಿ ಮಾಡಿಕೊಟ್ಟದ್ದು ಈ ಅಧಿಸೂಚನೆ.

ಆ ಪಟ್ಟಿಯೊಳಗೆ 5 ಮೆಗಾಹರ್ಟ್ಸ್ ಅಂತರದಲ್ಲಿ ಚಾನೆಲ್‌ಗಳಿವೆ. ಹದಿಮೂರನೆಯದರ ನಡುಬಿಂದು 2472 ಮೆಗಾಹರ್ಟ್ಸ್. ಅದು ನಮ್ಮ ಮಿತಿಯೊಳಗೇ ಕೂರುತ್ತದೆ. ಅಮೆರಿಕದಲ್ಲಿ 2483.5ರ ಆಚೆಗೆ ಸಿಗ್ನಲ್ ಚೆಲ್ಲುವುದಕ್ಕೆ ಬಿಗಿ ನಿಯಮವಿದೆ. ಹಾಗಾಗಿ ಅಲ್ಲಿನ ಉಪಕರಣಗಳು ಸಾಮಾನ್ಯವಾಗಿ ಹನ್ನೊಂದಕ್ಕೇ ನಿಲ್ಲುತ್ತವೆ. ಅಲ್ಲಿ ಹನ್ನೊಂದು, ಇಲ್ಲಿ ಹದಿಮೂರು. ಇದನ್ನು ನೆನಪಿಡಿ.

ಈಗ ಲಿನಕ್ಸ್ ಕಡೆಗೆ ಬರೋಣ. 2000ದ ಆಸುಪಾಸಿನಲ್ಲಿ ಲಿನಕ್ಸ್‌ನಲ್ಲಿ ವೈಫೈ ಅಂದರೆ ತಪಸ್ಸು. ಎಷ್ಟೋ ಚಿಪ್ ಕಂಪನಿಗಳು ದಾಖಲೆ ಕೊಡುತ್ತಿರಲಿಲ್ಲ. ಅವರು ಹೇಳುತ್ತಿದ್ದ ಒಂದು ಕಾರಣ ಈ ಕಾನೂನೇ: ಸೋರ್ಸ್ ಕೋಡ್ ಕೈಗೆ ಸಿಕ್ಕರೆ ಜನ ರೇಡಿಯೋವನ್ನು ಬೇಕಾದ ಹಾಗೆ ತಿರುಗಿಸಿಬಿಡುತ್ತಾರೆ ಅಂತ. ಅದಕ್ಕೇ ಎನ್‌ಡಿಐಎಸ್‌ರ‍್ಯಾಪರ್ ಬಂತು. ವಿಂಡೋಸ್‌ನ ಡ್ರೈವರನ್ನೇ ಲಿನಕ್ಸ್ ಒಳಗೆ ಕೂರಿಸುವ ಉಪಾಯ. ಬ್ರಾಡ್‌ಕಾಮ್ ಚಿಪ್‌ಗಳಿಗೆ ಸ್ವಯಂಸೇವಕರು ಇನ್ನೊಂದು ದಾರಿ ಹಿಡಿದರು. ಒಂದು ಗುಂಪು ಮೂಲ ಡ್ರೈವರನ್ನು ಬಿಡಿಸಿ ವಿವರಣೆ ಬರೆಯಿತು. ಆ ಡ್ರೈವರನ್ನೇ ನೋಡದ ಇನ್ನೊಂದು ಗುಂಪು ಬರೀ ವಿವರಣೆ ಓದಿ ಹೊಸ ಕೋಡ್ ಬರೆಯಿತು. ಅದು 2006ರಲ್ಲಿ 2.6.17 ಕರ್ನೆಲ್ ಸೇರಿತು. 2010ರಲ್ಲಿ ಬ್ರಾಡ್‌ಕಾಮ್ ತಾನೇ ಮುಂದೆ ಬಂದು ಹೊಸ ಚಿಪ್‌ಗಳ ಡ್ರೈವರ್‌ನ ಸೋರ್ಸ್ ಬಿಟ್ಟಿತು.

ಆದರೆ ಕಂಪನಿಗಳ ಆ ಆಕ್ಷೇಪಕ್ಕೆ ಉತ್ತರ ಬೇಕಲ್ಲ? ಅದು ಬಂದದ್ದು 2008ರ ಕೊನೆಗೆ, 2.6.28 ಕರ್ನೆಲ್‌ನಲ್ಲಿ. ಯಾವ ದೇಶದಲ್ಲಿ ಯಾವ ತರಂಗಾಂತರ, ಎಷ್ಟು ಶಕ್ತಿ ಅನ್ನುವುದನ್ನು ಒಂದು ಪಟ್ಟಿ ಮಾಡಿ, ಅದಕ್ಕೆ ಡಿಜಿಟಲ್ ಸಹಿ ಹಾಕಿ ಇಟ್ಟರು. ಎರಡಕ್ಷರದ ದೇಶದ ಸಂಕೇತ ಹೇಳಿದರೆ ಕರ್ನೆಲ್ ಆ ಸಾಲನ್ನು ಪಾಲಿಸುತ್ತದೆ. ಆ ಪಟ್ಟಿಯಲ್ಲಿ 'ಐಎನ್' ಅಂತ ಒಂದು ಸಾಲಿದೆ.

ಆ ರಾತ್ರಿ ಟರ್ಮಿನಲ್ ತೆರೆದು 'ಐಡಬ್ಲ್ಯೂ ರೆಗ್ ಗೆಟ್' ಅಂತ ಹೊಡೆದೆ. ಉತ್ತರ: 'ಯುಎಸ್'. 'ಐಡಬ್ಲ್ಯೂ ಲಿಸ್ಟ್' ಹೊಡೆದರೆ ಹನ್ನೆರಡು, ಹದಿಮೂರರ ಮುಂದೆ 'ಡಿಸೇಬಲ್ಡ್'. ಫೋನಿನಿಂದ ರೂಟರ್ ಒಳಗೆ ಹೋಗಿ ನೋಡಿದರೆ ಚಾನೆಲ್ ಹದಿಮೂರು! ಎಲ್ಲರೂ ಮನೆಯಲ್ಲೇ ಕೂತು, ಬಿಲ್ಡಿಂಗ್ ತುಂಬಾ ಹೊಸ ರೂಟರ್‌ಗಳು ಬಂದು, ಒಂದು, ಆರು, ಹನ್ನೊಂದು ಎಲ್ಲಾ ವಿರಾರ್ ಫಾಸ್ಟ್ ಥರ ತುಂಬಿದ್ದವು. ಆಟೋ ಮೋಡಿನಲ್ಲಿದ್ದ ರೂಟರ್ ಖಾಲಿ ಜಾಗ ನೋಡಿ ಹದಿಮೂರಕ್ಕೆ ಸರಿದಿತ್ತು. ಮೊಬೈಲಿಗೆ ತಾನು ಭಾರತದಲ್ಲಿದ್ದೇನೆ ಅಂತ ಗೊತ್ತು. ಲ್ಯಾಪ್‌ಟಾಪ್ ಮಾತ್ರ ಡೊಂಬಿವಲಿಯಲ್ಲಿ ಕೂತು ಅಮೆರಿಕದ ಕಾನೂನು ಪಾಲಿಸುತ್ತಿತ್ತು.

ಅದನ್ನು ಅಮೆರಿಕಕ್ಕೆ ಕಳಿಸಿದವರು ಯಾರು? ನಾನೇ. ಇನ್‌ಸ್ಟಾಲ್ ಮಾಡುವಾಗ ಯಾವುದೋ ಟಿಪ್ಪಣಿ ನೋಡಿ, ಅರ್ಥ ಮಾಡಿಕೊಳ್ಳದೆ 'ರೆಗ್‌ಡೊಮೇನ್' ಸಾಲಿಗೆ 'ಯುಎಸ್' ಅಂತ ಅಂಟಿಸಿದ್ದೆ. ಈಗ ಅದನ್ನು 'ಐಎನ್' ಮಾಡಿ, 'ಐಡಬ್ಲ್ಯೂ ರೆಗ್ ಸೆಟ್ ಐಎನ್' ಕೊಟ್ಟೆ. ಎರಡೇ ಸೆಕೆಂಡ್, ನೆಟ್‌ವರ್ಕ್ ಬಂತು. ಹಳೇ ಕಾರ್ಡಿಗೇ ಬಂತು.

ಮರುದಿನ ಅಡಾಪ್ಟರ್ ನಾನಿಟ್ಟುಕೊಂಡು ಆರುನೂರು ರೂಪಾಯಿ ಕೊಡಲು ಹೋದೆ. ತಪ್ಪು ನನ್ನದೇ ಅಂತ ಹೇಳಿದೆ. "ಬಿಡಿ ಮಾರಾಯ್ರೆ, ನೆಟ್ ಬಂತಲ್ಲ" ಅಂದರು. ಒತ್ತಾಯ ಮಾಡಿ ಕೊಟ್ಟೆ. ಹಣ ವಾಪಸ್ ಕೊಡಬಹುದು, ಹುಡುಗನ ಆ ಒಂದು ವಾರ ಕೊಡೋಕಾಗಲ್ಲ.

ಹಾಗಾಗಿ ಲಿನಕ್ಸ್‌ನಲ್ಲಿ ವೈಫೈ ಕೈಕೊಟ್ಟರೆ ಈ ಕ್ರಮದಲ್ಲಿ ನೋಡಿ. ಮೊದಲು 'ಆರ್‌ಎಫ್‌ಕಿಲ್ ಲಿಸ್ಟ್', ರೇಡಿಯೋ ಆಫ್ ಆಗಿದೆಯಾ ಅಂತ. ಆಮೇಲೆ 'ಡಿಎಂಇಎಸ್‌ಜಿ'ಯಲ್ಲಿ ಡ್ರೈವರ್, ಫರ್ಮ್‌ವೇರ್ ಸಿಕ್ಕಿತಾ ಅಂತ. ಎಲ್ಲರದ್ದೂ ಕಂಡು ನಿಮ್ಮದು ಮಾತ್ರ ಕಾಣದಿದ್ದರೆ ದೇಶದ ಸಂಕೇತ ಮತ್ತು ಚಾನೆಲ್. ಕಂಡೂ ಸೇರದಿದ್ದರೆ ಪಾಸ್‌ವರ್ಡ್. ಹೊಸ ಸಾಮಾನು ತರಿಸುವುದು ಎಲ್ಲಕ್ಕಿಂತ ಕೊನೆಗೆ.

ಒಂದೊಂದು ಸೆಟ್ಟಿಂಗ್ ಹಿಂದೆಯೂ ಯಾರದೋ ಜಗಳ, ಯಾವುದೋ ಕಾಯ್ದೆ, ಯಾರದೋ ರಾಜಿ ಇರುತ್ತದೆ. ಅದು ಗೊತ್ತಿಲ್ಲದೆ ಅಂಟಿಸಿದರೆ ಬಿಲ್ ಪಕ್ಕದ ಮನೆಗೆ ಹೋಗುತ್ತದೆ.

ನಿಮ್ಮ ಲ್ಯಾಪ್‌ಟಾಪ್ ಯಾವ ದೇಶದಲ್ಲಿದೆ ಅಂತ ಇವತ್ತೇ ಒಮ್ಮೆ ನೋಡಿ, ಕಮೆಂಟಿನಲ್ಲಿ ಹೇಳಿ.